ಹಳ್ಳದ ದಡದಲ್ಲಿ ನಿಂತ ಎತ್ತು

"ಗುರುಗಳೇ, ಗಾಯ ಮಾಯ್ದ ಮೇಲೂ ಉಳಿಯುವುದು ಏನು?" ಎಂದು ಶಿಷ್ಯ ಕೇಳಿದ. "ನನ್ನ ತಮ್ಮ ಬಾವಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ. ಮೂಳೆ ಕೂಡಿದೆ. ಆದರೂ ದಿನವೂ ಕೈ ಹಿಡಿದು ಕರೆದುಕೊಂಡು ಹೋದರೆ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತಾನೆ. ಬೈದೂ ನೋಡಿದೆ."

ಗುರುಗಳು ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಅವನಿಗೆ ಒಂದೇ ಎತ್ತು, ಕರುವಾಗಿದ್ದಾಗಿನಿಂದ ಸಾಕಿದ್ದು. ಒಮ್ಮೆ ಹಳ್ಳ ದಾಟುವಾಗ ಚಕ್ರ ಜಾರಿ ಗಾಡಿ ಮಗುಚಿತು. ಎತ್ತಿನ ಮುಂಗಾಲು ಮುರಿಯಿತು. ಗಾಡಿಯವನಿಗೆ ಒಂದು ತರಚು ಗಾಯವೂ ಆಗಲಿಲ್ಲ. ಪುಣ್ಯವಂತ ಎಂದು ಜನ ಅಂದರು. ಅವನೂ ಹಾಗೆಯೇ ಅಂದುಕೊಂಡ.

ಕಾಲು ವಾಸಿಯಾಯಿತು. ಹೊಲದ ದಾರಿಯಲ್ಲಿ ಎತ್ತು ಸಲೀಸಾಗಿ ಗಾಡಿ ಎಳೆಯಿತು. ಹಳ್ಳ ಬಂದರೆ ಮಾತ್ರ ನಿಂತಿತು. ನಾಟಿ ವೈದ್ಯ ಒತ್ತಿ ನೋಡಿ, "ಕಾಲಲ್ಲಿ ಏನೂ ಇಲ್ಲ" ಎಂದ. ಕಾಲಲ್ಲಿ ಇಲ್ಲದಿದ್ದರೆ ಮತ್ತೆಲ್ಲಿದೆ? ಗಾಡಿಯವನಿಗೆ ಅರ್ಥವಾಗಲಿಲ್ಲ. ಮುದ್ದು ಮಾಡಿದ, ಹೊಡೆದ, ಹೊಡೆದು ತಾನೇ ಅತ್ತ. ಕೊನೆಗೆ ಮಾರಿಬಿಡುವುದೆಂದು ಹೊರಟ. ದನದ ಸಂತೆ ಹಳ್ಳದ ಆಚೆಗಿತ್ತು.

ಅದೇ ಸಂತೆಗೆ ಹೊರಟ ಒಬ್ಬ ಮುದುಕಿ ಗಾಡಿಯಲ್ಲಿ ಕೂತಿದ್ದಳು. ದಡದಲ್ಲಿ ಎತ್ತು ನಿಂತಿತು. ಗಾಡಿಯವನು ಕೂಗಿದ: "ನಡಿ! ನಡಿಯೋ!"

"ಹಗ್ಗ ಜಗ್ಗಿ ಹಿಡ್ಕೊಂಡು ನಡಿ ಅಂದ್ರೆ ಅದು ಯಾವ ಮಾತು ಕೇಳ್ಬೇಕಪ್ಪಾ? ನಿನ್ನ ಬಾಯಿದೋ, ಕೈಯದೋ?" ಎಂದಳು ಮುದುಕಿ.

ಅವನು ಕೈ ನೋಡಿಕೊಂಡ. ಹಗ್ಗ ಬಿಗಿದು ಗೆಣ್ಣುಗಳು ಬಿಳುಚಿಕೊಂಡಿದ್ದವು. ಯಾವಾಗ ಎಳೆದೆ? ತಿಳಿಯಲಿಲ್ಲ. ಬಿಡಲು ನೋಡಿದ, ಬೆರಳು ಬಿಚ್ಚಲಿಲ್ಲ.

"ಇಲ್ಲಿ ಕೊಡು. ನೀನು ಇಳಿ" ಎಂದು ಮುದುಕಿ ಹಗ್ಗ ಬಿಡಿಸಿಕೊಂಡು ಸಡಿಲ ಬಿಟ್ಟಳು. ಎತ್ತು ನೀರು ಮೂಸಿತು. ಅದರ ಮೈ ನಡುಗಿತು. ಆಮೇಲೆ ಮೆಲ್ಲಗೆ ದಾಟಿತು.

"ಬಾರೋ, ಮೊಣಕಾಲುದ್ದ ನೀರು! ಎತ್ತಿನ ಕಾಲಿಗಿಂತ ನಿನ್ನ ಕಾಲು ದುಬಾರಿಯಾ?" ಎಂದು ಆಚೆಯಿಂದ ಕೂಗಿದಳು.

ಗಾಡಿಯವನ ಕಾಲು ಮೇಲೇಳಲಿಲ್ಲ. ಬಗ್ಗಿ ನೋಡಿಕೊಂಡ. ಗಾಯದ ಒಂದು ಗೆರೆಯೂ ಇರಲಿಲ್ಲ. ಆಚೆ ಎತ್ತು ಬಾಲ ಬೀಸುತ್ತ ನಿಂತಿತ್ತು. ಅಂದು ಬಿದ್ದದ್ದು ಯಾರು ಎಂಬುದೇ ಅವನಿಗೆ ಹೊಳೆಯದಾಯಿತು.

ಶಿಷ್ಯ ಗಲಿಬಿಲಿಗೊಂಡ. "ಗುರುಗಳೇ, ನಾನು ಕೇಳಿದ್ದು ತಮ್ಮನ ವಿಷಯ. ಈಗ ಗಾಯವಾದದ್ದು ಎತ್ತಿಗೋ ಗಾಡಿಯವನಿಗೋ, ಅದೇ ತಿಳಿಯುತ್ತಿಲ್ಲ."

ಗುರುಗಳು ಹೇಳಿದರು: "ನಾಳೆ ಮೆಟ್ಟಿಲ ಬಳಿ ಹೋದಾಗ ತಮ್ಮನ ಕಾಲು ನೋಡಬೇಡ, ಅವನನ್ನು ಹಿಡಿದ ನಿನ್ನ ಕೈ ನೋಡು."