ರಾಡೋ ಪ್ಲೇಟೋ

ಹೊಳೆಯ ದಂಡೆಗೆ ಒಂದು ಆಶ್ರಮ, ಆಶ್ರಮಕ್ಕೊಂದು ಸಣ್ಣ ಆಸ್ಪತ್ರೆ. ಮುರಿದ ಮೂಳೆ ಕೂಡಿಸುವುದರಲ್ಲಿ ಅಲ್ಲಿನ ಡಾಕ್ಟರ್ ನಿರ್ವಾಣಯ್ಯನವರದು ಎತ್ತಿದ ಕೈ. ಅವರನ್ನು ಯಾರೂ ಡಾಕ್ಟರೆನ್ನುತ್ತಿರಲಿಲ್ಲ, ಗುರುಗಳೇ ಎನ್ನುತ್ತಿದ್ದರು.

ಅವರ ಬಳಿ ಕಲಿಯಲು ಮೈಸೂರಿನ ಕಡೆಯಿಂದ ಬಂದವಳು ಡಾಕ್ಟರ್ ವಾರಿಜಾ. ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗುರುಗಳು ಸ್ನಾನಕ್ಕೆ ಹೊರಟರೂ ಅವರ ಬೆನ್ನಿಗೊಂದು ಪ್ರಶ್ನೆ ಹೊರಡುತ್ತಿತ್ತು.

ಆ ವಾರವಿಡೀ ಒಂದೇ ಪ್ರಶ್ನೆ ಅವಳ ತಲೆ ತಿನ್ನುತ್ತಿತ್ತು. ಮೊಣಕಾಲಿನ ಕೆಳಗಿನ ಮೂಳೆ ಮುರಿದರೆ ರಾಡು ಮೇಲೋ, ಪ್ಲೇಟು ಮೇಲೋ?

ಮೊಣಕಾಲಿನ ಹತ್ತಿರ ಕೊಯ್ದು ಉಕ್ಕಿನ ರಾಡನ್ನು ಮೂಳೆಯೊಳಗೆ ಇಳಿಸಬೇಕು. ಪ್ಲೇಟನ್ನು ಮೂಳೆಯ ಮೇಲಿಟ್ಟು ಸ್ಕ್ರೂ ಬಿಗಿಯಬೇಕು. ಎರಡೂ ಬಗೆಯ ಹಳೆಯ ರೋಗಿಗಳನ್ನು ವಾರಿಜಾ ಆವತ್ತು ಬೆಳಿಗ್ಗೆ ಕರೆಸಿದಳು. ನಡೆಸಿದಳು, ನಿಲ್ಲಿಸಿದಳು, ಎಕ್ಸ್-ರೇ ತೆಗೆಸಿದಳು.

"ಗುರುಗಳೇ, ರಾಡೇ ಗೆದ್ದಿತು! ರಾಡಿನವರು ಬೇಗ ನಡೆದಾಡಿದ್ದಾರೆ. ಪ್ಲೇಟಿನವರು ತಿಂಗಳುಗಟ್ಟಲೆ ಕಾಲೂರಿಲ್ಲ, ಇಬ್ಬರಿಗೆ ಗಾಯವೂ ಬೇಗ ಮಾಯಲಿಲ್ಲ. ನಾಳೆ ದಾವಲಸಾಬರಿಗೂ ರಾಡೇ ಹಾಕ್ತೀನಿ."

ದಾವಲಸಾಬ ಎತ್ತುಗಳಿಗೆ ಲಾಳ ಕಟ್ಟುವವನು. ಎತ್ತು ಒದ್ದು ಅವನ ಎಡಗಾಲು ಮುರಿದಿತ್ತು.

"ನಾಳಿಂದು ನಾಳಿಗೆ," ಎಂದರು ಗುರುಗಳು. "ನೀ ಕರಸಿದ ಮಂದಿ ಉಂಡು ಹೋಗಲಿ. ಇವತ್ತು ನೀನ ಬಡಸು."

"ಆಪರೇಷನ್ನಿಗೆ ತಯಾರಿ ಮಾಡ್ಕೋಬೇಕಲ್ಲ ಗುರುಗಳೇ?"

"ಅದೂ ತಯಾರೀನ."

ಇದೆಂಥ ತಯಾರಿ ಎಂದು ಗೊಣಗುತ್ತಲೇ ವಾರಿಜಾ ಅನ್ನದ ಬೋಗುಣಿ ಹಿಡಿದಳು.

ನೆಲದ ಮೇಲೆ ಸಾಲಾಗಿ ಎಲೆ ಹಾಕಿದ್ದರು. ರಾಡಿನವರು ಸರಸರ ನಡೆದು ಬಂದವರು ಎಲೆಯ ಮುಂದೆ ನಿಂತುಬಿಟ್ಟರು. ಒಬ್ಬ ಗೋಡೆ ಹಿಡಿದು, ಹಲ್ಲು ಕಚ್ಚಿ, ಹೇಗೋ ಕೆಳಗಿಳಿದ. ಗಂಗವ್ವನೆಂಬಾಕೆ ತನ್ನ ಎಲೆ ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತಳು. ಬೆಳಿಗ್ಗೆ ಇದೇ ಗಂಗವ್ವನ ನಡಿಗೆ ನೋಡಿ ವಾರಿಜಾ ಚಪ್ಪಾಳೆ ತಟ್ಟಿದ್ದಳು!

"ಯಾಕೆ ಗಂಗವ್ವ, ಕೆಳಗೆ ಕೂರಲ್ವಾ?"

"ಮಣಕಾಲು ಮಡಚಿ ಊರಿದ್ರ ಜೀವ ಹೋದಂಗ ಆಕ್ಕತ್ರೀ ಬಾಯಾರ."

"ಬೆಳಿಗ್ಗೆ ಹೇಳಬಾರದಿತ್ತಾ?"

"ನಡಿ ಅಂದ್ರಿ, ನಡದೆ. ನಿಂದ್ರು ಅಂದ್ರಿ, ನಿಂತೆ. ಕುಂದ್ರು ಅಂತ ನೀವು ಅನ್ನಲೇ ಇಲ್ಲಲ್ರೀ. ಡಾಕ್ಟರ ಮುಂದ ನಾವಾಗೇ ಹೆಂಗ ಕುಂದ್ರೂದು?"

ವಾರಿಜಾಗೆ ನಾಚಿಕೆಯಾಯಿತು. ಅಷ್ಟು ಮಂದಿ ನಿಂತೇ ಮಾತಾಡಿದ್ದರು, ಅವಳು ಅದನ್ನು ಗುಣವಾದ ಲಕ್ಷಣವೆಂದುಕೊಂಡಿದ್ದಳು. ಆ ಕಡೆ ಪ್ಲೇಟಿನವರು ಸಲೀಸಾಗಿ ಕೂತು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು.

ಬೋಗುಣಿ ಅಲ್ಲೇ ಇಟ್ಟು ಅವಳು ದಾವಲಸಾಬನ ಮಂಚದ ಬಳಿಗೆ ಓಡಿದಳು.

"ದಾವಲಸಾಬರೇ, ಕೆಲಸ ಮಾಡುವಾಗ ನೀವು ಹೇಗೆ ಕೂರ್ತೀರಿ?"

ದಾವಲಸಾಬ ನಕ್ಕ. "ಇಷ್ಟು ವರ್ಷದಾಗ ಯಾರೂ ಕೇಳಿರಲಿಲ್ಲ ನೋಡ್ರಿ ಇದನ್ನ. ಎತ್ತು ಕೆಡವಿ, ಕಾಲು ಕಟ್ಟಿ, ಎಡಾ ಮಣಕಾಲು ನೆಲಕ್ಕ ಊರಿ ಕುಂದರ್ತೀನ್ರಿ. ಮ್ಯಾಲ ದಿನಾ ಐದು ಹೊತ್ತು ನಮಾಜು."

ವಾರಿಜಾ ಎರಡನ್ನೂ ಬಿಡಿಸಿ ಹೇಳಿದಳು. ರಾಡು ಹಾಕಿದರೆ ಬೇಗ ನಡೆಯಬಹುದು, ಆದರೆ ಮೊಣಕಾಲೂರಲು ನೋವು ಉಳಿಯಬಹುದು. ಪ್ಲೇಟು ಹಾಕಿದರೆ ಮೊಣಕಾಲಿನ ತಂಟೆಗೆ ಹೋಗುವುದಿಲ್ಲ, ಆದರೆ ಬಹಳ ದಿನ ಕಾಲೂರುವಂತಿಲ್ಲ, ಗಾಯವೂ ಕಾಡಬಹುದು. ಯಾವುದನ್ನೂ ಮುಚ್ಚಿಡಲಿಲ್ಲ.

ದಾವಲಸಾಬನ ನಗು ಇಳಿಯಿತು. ಅವನಿಗೆ ಭಯವಾಗಿತ್ತು.

"ನಡ್ಯೂದು ತಡಾ ಆದ್ರ ಆಗಲ್ರಿ, ಅಲ್ಲೀತನಕ ನನ್ನ ತಮ್ಮ ಕೆಲಸಾ ನೋಡ್ತಾನ. ಮಣಕಾಲು ಊರಾಕ ಬರದಂಗ ಆದ್ರ ನನ್ನ ಕಸಬೂ ಹೋತು, ನಮಾಜೂ ಹೋತು. ಪ್ಲೇಟ ಹಾಕ್ರಿ... ಗಾಯದ್ದು ಹೆಂಗ್ರೀ?"

"ದಿನಾ ನಾನೇ ಬಂದು ನೋಡ್ತೀನಿ."

ಮರುದಿನ ಆಪರೇಷನ್ ಆಯಿತು. ಗುರುಗಳು ಪಕ್ಕದಲ್ಲೇ ನಿಂತಿದ್ದರು.

ಎಕ್ಸ್-ರೇ ಬಂದೊಡನೆ ವಾರಿಜಾ ಅದನ್ನು ಬೆಳಕಿಗೆ ಹಿಡಿದಳು. ಮೂಳೆ ನೆಟ್ಟಗೆ ಕೂತಿತ್ತು. ಅವಳ ಸಂತೋಷ ಹೇಳತೀರದು.

"ನೋಡಿ ಗುರುಗಳೇ, ಕೂದಲೆಳೆಯಷ್ಟೂ ಸಂದಿಲ್ಲ! ಹಾಗಾದರೆ ಪ್ಲೇಟೇ ಗೆದ್ದಿತು ಅನ್ನಲಾ?"

ಗುರುಗಳು ಎಕ್ಸ್-ರೇ ಕಡೆ ನೋಡಲಿಲ್ಲ. ಮಂಚದ ಮೇಲೆ ಮಂಪರಿನಲ್ಲಿ ಮಲಗಿದ್ದ ದಾವಲಸಾಬನ ಹೊದಿಕೆ ಸರಿಪಡಿಸಿದರು.

"ಅಂವ ಇನ್ನೂ ಮಣಕಾಲೂರಿ ಕುಂತಿಲ್ಲವ್ವಾ."