ಸಂಕವ್ವ ಪಾದಕ್ಕೆ ಗೂಟ ಹೊಡೆದದ್ದು

ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದ ಕಾಲವದು. ಲೋಕ ಹೊಸದು, ಮಣ್ಣು ಹಸಿ. ಆಗ ಮನುಷ್ಯರ ಕಾಲಿಗೂ ಪಾದಕ್ಕೂ ಗಟ್ಟಿ ನಂಟಿರಲಿಲ್ಲ. ಕಾಲು ಒನಕೆಯ ಹಾಗೆ ನೇರವಾಗಿ ಇಳಿದು ಮುಗಿಯುತ್ತಿತ್ತು. ಪಾದವನ್ನು ಬೇಕಾದಾಗ ಸಿಕ್ಕಿಸಿಕೊಳ್ಳುವುದು, ಬೇಡವಾದಾಗ ಬಿಚ್ಚಿಡುವುದು. ಯಾರ ಮನೆಗೆ ಹೋದರೂ, ಸ್ವಂತ ಮನೆಯಾದರೂ, ಪಾದವನ್ನು ಹೊಸಿಲಾಚೆ ಬಿಟ್ಟು, ಮೊಣಕಾಲೂರಿ ಒಳಗೆ ಹೋಗಬೇಕು. ಅದೇ ಮರ್ಯಾದೆ.

ಸಂಕವ್ವನಿಗೆ ಈ ಮರ್ಯಾದೆ ಕಂಡರೆ ಆಗುತ್ತಿರಲಿಲ್ಲ. ಅವಳದು ಅನುಮಾನದ ಜೀವ. ಹಾಲು ಕೆನೆ ಕಟ್ಟದಿದ್ದರೆ ಬೆಕ್ಕಿನ ಮೇಲೆ ಅನುಮಾನ. ಬೆಕ್ಕು ಸುಮ್ಮನೆ ಮಲಗಿದ್ದರೆ ಇನ್ನೂ ಹೆಚ್ಚು ಅನುಮಾನ. ಇನ್ನು ಹೊರಗೆ ಬಿಟ್ಟ ಪಾದ ಬಿಟ್ಟಲ್ಲೇ ಇರುತ್ತದೆಂದು ನಂಬುವುದುಂಟೆ?

ಅವಳ ಒಬ್ಬಳೇ ಮಗಳು ಚೆಲುವಿ ಗುಡ್ಡದಾಚೆ ಇದ್ದಳು. ಚೊಚ್ಚಲ ಬಸುರಿ, ದಿನ ತುಂಬಿತ್ತು.

"ನೋವು ಬಂದ ತಕ್ಷಣ ಗಾಳಿ ಕೈಲಿ ಹೇಳಿ ಕಳಿಸ್ತೀನಿ. ಓಡಿ ಬಂದ್ಬಿಡವ್ವ. ನೀನಿಲ್ದಿದ್ರೆ ನಂಗೆ ಭಯ" ಎಂದಿದ್ದಳು. ಸಂಕವ್ವನಿಗೆ ಅಂದಿನಿಂದ ಊಟ ರುಚಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆ ಬೋರಕ್ಕನ ಜೊತೆ ರಾಗಿ ಬೀಸುತ್ತಿದ್ದಾಗ ಗಾಳಿ ಏದುಸಿರು ಬಿಡುತ್ತಾ ನುಗ್ಗಿತು.

"ಸಂಕವ್ವಾ, ಚೆಲುವಿಗೆ ನೋವು ಶುರುವಾಯ್ತು!"

ಸಂಕವ್ವ ಬಿದ್ದೂ ಎದ್ದೂ ಹೊಸಿಲಿಗೆ ಬಂದಳು. ಬೋರಕ್ಕನ ಪಾದ ಅಲ್ಲೇ ಇತ್ತು. ಸಂಕವ್ವನ ಪಾದ ಇರಲಿಲ್ಲ.

"ಬೋರಿ, ನನ್ನ ಪಾದ ಎಲ್ಲೇ?"

"ನಂಗೇನು ಗೊತ್ತವ್ವ? ನಿನ್ನೆದುರಿಗೇ ಕೂತಿದ್ನಲ್ಲ!"

"ಅದೇ ಕೇಳ್ತಿರೋದು. ನನ್ನೆದುರಿಗೇ ಯಾಕೆ ಕೂತಿದ್ದೆ?"

ಅಂಗಳದ ನಾಯಿಯನ್ನು ಕೇಳಿದಳು. ನಾಯಿ ಬಾಲ ಅಲ್ಲಾಡಿಸುವುದನ್ನು ನಿಲ್ಲಿಸಿತು. ಸಂಕವ್ವ ಅದನ್ನೂ ಗಮನಿಸಿದಳು. ಬೇಲಿ ಮೇಲಿನ ಕಾಗೆಯನ್ನು ಕೇಳಿದಳು. "ನೋಡಿದೀನಿ, ಹೇಳಲ್ಲ. ಹೇಳಿದ್ರೆ ನನ್ನನ್ನೇ ಹಿಡ್ಕೋತೀಯ" ಎಂದಿತು ಕಾಗೆ. ಎಲ್ಲರೂ ಸೇರಿ ಮಸಲತ್ತು ಮಾಡಿದ್ದಾರೆ ಎಂದು ಸಂಕವ್ವನಿಗೆ ಖಾತ್ರಿಯಾಯಿತು.

"ನನ್ನ ಪಾದ ನಿನ್ನ ಕಾಲಿಗೆ ಕೂರಲ್ಲ. ಬೆನ್ನು ಹತ್ತು, ಹೊತ್ಕೊಂಡು ಹೋಗ್ತೀನಿ" ಎಂದಳು ಬೋರಕ್ಕ.

"ಇಷ್ಟು ಒಳ್ಳೇತನ ಎಲ್ಲಿಂದ ಬಂತೇ?" ಎಂದಳು ಸಂಕವ್ವ. ಆದರೂ ಹತ್ತಿದಳು. ಮಗಳು ಒಬ್ಬಳೇ ನರಳುತ್ತಿದ್ದಾಳಲ್ಲ.

ದಾರಿಯಲ್ಲಿ ಹಳ್ಳ ಸಿಕ್ಕಿತು. "ಎರಡು ಪಾದ ಈಗಷ್ಟೇ ನನ್ನ ದಾಟಿ ಹೋದ್ವು" ಎಂದಿತು ಹಳ್ಳ.

"ಯಾರು ಹಾಕ್ಕೊಂಡಿದ್ರು?"

"ಯಾರೂ ಇರ್ಲಿಲ್ಲ."

"ನೋಡಿದ್ಯಾ, ಹಳ್ಳಾನೂ ಸುಳ್ಳು ಹೇಳುತ್ತೆ!" ಎಂದು ಸಂಕವ್ವ ಬೋರಕ್ಕನ ಕುತ್ತಿಗೆಯನ್ನು ಇನ್ನಷ್ಟು ಬಿಗಿಹಿಡಿದಳು. ಗುಡ್ಡದ ಏರು, ಬೋರಕ್ಕ ಬಾಗಿ ಬಾಗಿ ಹತ್ತಿದಳು.

ಮಗಳ ಮನೆ ಮುಟ್ಟುವಾಗ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆರಿಗೆ ಮುಗಿದೇ ಹೋಗಿತ್ತು. ಹೊಸಿಲಾಚೆ, ಬೆರಳುಗಳನ್ನು ಬಾಗಿಲ ಕಡೆ ಮಾಡಿಕೊಂಡು, ಸಂಕವ್ವನ ಎರಡೂ ಪಾದಗಳು ನಿಂತಿದ್ದವು. ಮೈತುಂಬ ಕೆಸರು. ಹೊರಗೆ ಕೂತಿದ್ದ ಅವಕ್ಕೆ ಗಾಳಿಯ ಕೂಗು ಮೊದಲು ಕೇಳಿಸಿತ್ತು. ಮಗಳ ಮನೆ ದಾರಿ ಅವಕ್ಕೆ ಬಾಯಿಪಾಠ. ತಡೆಯಲಾರದೆ ಓಡಿಬಿಟ್ಟಿದ್ದವು.

ಒಳಗಿನಿಂದ ಚೆಲುವಿ ಕೇಳಿದಳು: "ಅವ್ವ, ನಿನ್ನ ಹೆಜ್ಜೆ ಸಪ್ಪಳ ಆಗ್ಲೇ ಕೇಳಿಸ್ತು. ಅವ್ವ ಬಂದ್ಲು ಅಂತ ಎಷ್ಟು ಧೈರ್ಯ ಆಯ್ತು ಗೊತ್ತಾ! ಅಷ್ಟೊತ್ತು ಕೂಗಿದ್ರೂ ಒಳಗ್ಯಾಕೆ ಬರ್ಲಿಲ್ಲ?"

ಸಂಕವ್ವನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

"ಬೋರಿ, ಬೆನ್ನು ನೋಯ್ತಾ?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಪಾದಗಳ ಕಡೆ ತಿರುಗಿ, "ನನ್ನ ಬಿಟ್ಟು ಓಡ್ತೀರಾ? ಇನ್ನೊಂದ್ಸಲ ಓಡಿ ನೋಡೋಣ!" ಎಂದಳು.

ಪಾದ ಸಿಕ್ಕಿಸಿಕೊಂಡು, ಹುಣಸೆ ಕೊಂಬೆಯ ನಾಲ್ಕು ಗೂಟ ಕೆತ್ತಿದಳು. ಒಂದೊಂದು ಕಾಲಿಗೂ ಒಳಪಕ್ಕಕ್ಕೊಂದು, ಹೊರಪಕ್ಕಕ್ಕೊಂದು. ಆಗಿನ ಮೂಳೆ ಹಸಿ, ನೋವಾಗಲಿಲ್ಲ. ಒಳಪಕ್ಕದ್ದನ್ನು ತಾನೇ ಹೊಡೆದುಕೊಂಡಳು. ನಡು ಬಗ್ಗದು, ಕೈಗೆ ಎಟುಕಿದ್ದು ಸ್ವಲ್ಪ ಮೇಲೆ. ಹೊರಪಕ್ಕಕ್ಕೆ ಕೈಯೇ ಹೋಗಲಿಲ್ಲ. ಬೋರಕ್ಕ ಕಲ್ಲು ಎತ್ತಿದಳು.

"ಅಷ್ಟು ಮೇಲ್ಯಾಕೆ? ನನ್ನ ಕಾಲು ಸೀಳ್ಬೇಕು ಅಂತಿದ್ದೀಯಾ? ಕೆಳಗೆ ಹೊಡಿ, ಇನ್ನೂ ಕೆಳಗೆ!"

ಬೋರಕ್ಕ ನಗುತ್ತಾ ಕೆಳಗೇ ಹೊಡೆದಳು. ಸಂಕವ್ವ ಪಾದದ ಸಮೇತ ಹೊಸಿಲು ದಾಟಿ ನೆಟ್ಟಗೆ ನಡೆದು ಮಗಳ ತಲೆ ಸವರಿದಳು. ಹಾಗೆ ಒಳಗೆ ಹೋದವರಲ್ಲಿ ಅವಳೇ ಮೊದಲಿಗಳು.

ಮರುದಿನ ಕಾಲು ನೀಡಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿದಳು. ಮೂಗು ನೀವಿದಳು, ತಲೆ ದುಂಡು ಮಾಡಿದಳು. ಪುಟ್ಟ ಪಾದ ಸಡಿಲವಾಗಿ ಅಲ್ಲಾಡಿತು. ಸಂಕವ್ವನ ಕಣ್ಣು ಕಿರಿದಾಯಿತು.

"ನೀನೂ ನಿಮ್ಮವ್ವನಿಗೆ ಬೇಕಾದಾಗ ಪಾದ ಕಳಿಸಿ, ನೀನು ದೂರ ಉಳೀಬೇಕು ಅಂತಿದ್ದೀಯೇನೇ?"

ಬೆಣ್ಣೆಯಂಥ ಎಳೆ ಮೂಳೆಯನ್ನು ಎರಡೂ ಪಕ್ಕದಿಂದ ಒತ್ತಿ ಒತ್ತಿ, ತನ್ನದರ ಹಾಗೇ ಗೂಟ ಎಬ್ಬಿಸಿದಳು. ಅದನ್ನು ನೋಡಿ ಊರಿನ ಅಜ್ಜಿಯರೆಲ್ಲ ತಮ್ಮ ಮೊಮ್ಮಕ್ಕಳಿಗೂ ಹಾಗೇ ಮಾಡಿದರು. ಕಡೆಗೆ ಕೂಸುಗಳು ಗೂಟದ ಸಮೇತವೇ ಹುಟ್ಟತೊಡಗಿದವು.

ನಿನ್ನ ಕಾಲಿಗೆ ಪಾದ ಸೇರುವಲ್ಲಿನ ಗಿಣ್ಣು ಮುಟ್ಟಿ ನೋಡು ಮಗು, ಇವತ್ತಿಗೂ ಒಳಗಿನದು ಸ್ವಲ್ಪ ಮೇಲೆ, ಹೊರಗಿನದು ಸ್ವಲ್ಪ ಕೆಳಗೆ ಉಬ್ಬಿಕೊಂಡಿದೆ; ಅದಕ್ಕೇ ಅವ್ವ ಕರೆದಾಗ ನಿನ್ನ ಪಾದವೊಂದೇ ಹೋಗಲಾರದು, ನೀನೂ ಹೋಗಲೇಬೇಕು.