ಮಗನೇ ಇಲ್ಲದ ಮನೆಯ ಸೊಸೆ

ಭೂಮಿ ಇನ್ನೂ ನೆತ್ತಿ ಕೂಡದ ಹಸುಗೂಸಾಗಿದ್ದಾಗಿನ ಮಾತು ಇದು. ಆಗ ಮರವಿಲ್ಲ, ಮೀನಿಲ್ಲ, ಕಾಲಿರುವ ಪ್ರಾಣಿ ಒಂದೂ ಇಲ್ಲ. ಇದ್ದದ್ದೆಲ್ಲ ನೀರು, ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಕಾಣದಿದ್ದರೇನು, ನಾಲಿಗೆ ಮಾತ್ರ ಎಲ್ಲಕ್ಕೂ ಇತ್ತು.

ಆ ನೀರಿನಲ್ಲಿ ಕೆಂಡಿ ಅನ್ನುವವಳೊಬ್ಬಳಿದ್ದಳು. ಸಾಸಿವೆ ಕಾಳನ್ನು ಸಾವಿರ ಸಲ ಸೀಳಿದರೆ ಸಿಗುವ ಚೂರಿನಷ್ಟು ಗಾತ್ರ. ಸೊಂಟದಲ್ಲಿ ಅವ್ವ ಕಟ್ಟಿದ ಉಡಿದಾರ. ದಾರದ ತುಂಬ ಗಂಟು. ಒಂದೊಂದು ಗಂಟಿನಲ್ಲಿ ಒಂದೊಂದು ವಿದ್ಯೆ. ಈಜುವುದಕ್ಕೊಂದು, ಒಲೆ ಉರಿಸುವುದಕ್ಕೊಂದಿಷ್ಟು, ಗೋಡೆ ಕಟ್ಟುವುದಕ್ಕೊಂದು, ಒಬ್ಬಳಿದ್ದವಳು ಇಬ್ಬರಾಗುವುದಕ್ಕೊಂದು. ಗಂಟು ಮುಟ್ಟಿ ನೋಡಿದಳೆಂದರೆ ಕೆಲಸ ತಿಳಿಯಿತು ಅಂತ ಲೆಕ್ಕ.

ಒಂದು ಕಾಲಕ್ಕೆ ಹಸಿರು ಪಾಚಿಗಳು ಬಿಸಿಲು ಕುಡಿದು ಕುಡಿದು ಹೊಸ ಗಾಳಿ ತೇಗಿದವು. ಆ ಗಾಳಿ ಮೂಗಿಗೆ ಬಡಿದದ್ದೇ ತಡ, ನೀರಿನಲ್ಲಿದ್ದವರೆಲ್ಲ ಗಂಟಲು ಹಿಡಿದುಕೊಂಡು ಒದ್ದಾಡಿದರು. ಕೆಂಡಿ ಮತ್ತು ಅವಳ ಅಕ್ಕಂದಿರು ಮಾತ್ರ ಆ ಗಾಳಿಯನ್ನು ತಮ್ಮ ತಮ್ಮ ಒಲೆಗೆ ಊದಿ, ಬೆಂಕಿ ಮಾಡಿ, ಬೆಚ್ಚಗೆ ಉಂಡರು.

ಪಕ್ಕದಲ್ಲೇ ಡೊಳ್ಳವ್ವ. ಮೈಯೆಲ್ಲ ಹೊಟ್ಟೆ. ಉಸಿರು ಕಟ್ಟಿ ಸಾಯುತ್ತಿದ್ದರೂ ಹಸಿವು ಬಿಡದು. ಕೆಂಡಿಯನ್ನು ಕಂಡಳು, ಗುಳುಂ ಅನ್ನಿಸಿದಳು.

"ಅಯ್ಯೋ, ನನ್ನ ನುಂಗಿಬಿಟ್ಟಿರಾ!" ಅಂದಳು ಕೆಂಡಿ ಒಳಗಿನಿಂದ.

ಅರಗಿಸಿಕೊಳ್ಳಬೇಕು ಅಂತಲೇ ಇದ್ದಳು ಡೊಳ್ಳವ್ವ. ಅಷ್ಟರಲ್ಲಿ ಒಳಗೆ ಒಲೆ ಉರಿಯಿತು, ಕಟ್ಟಿದ ಉಸಿರು ಸಡಿಲಾಯಿತು. ಮಾತು ಬೆಣ್ಣೆಯಾಯಿತು. "ನುಂಗಿದೆ ಅಂತ ಯಾಕೆ ಅನ್ನುತ್ತೀ ನನ್ನವ್ವ? ಮನೆ ತುಂಬಿಸಿಕೊಂಡೆ ಅನ್ನು."

ಅಲೆ ಸುಮ್ಮನಿದ್ದೀತೆ? ಓಡಿಹೋಗಿ ಬಂಡೆಯ ಕಿವಿ ಕಚ್ಚಿತು. "ಕೇಳಿದೆಯೇನೇ? ಡೊಳ್ಳವ್ವನಿಗೆ ಸೊಸೆ ಬಂದಳಂತೆ!"

"ಅವಳಿಗೆ ಮಗ ಎಲ್ಲಿದ್ದಾನೆ?"

"ದುಡಿಸಿಕೊಳ್ಳೋದಕ್ಕೆ ಮಗ ಯಾಕೆ ಬೇಕೇ?"

ಕೆಂಡಿ ಒಲೆ ಊದಿದಳು. ಡೊಳ್ಳವ್ವ ಉಂಡಳು. ಕೆಂಡಿ ಊದಿದಳು, ಡೊಳ್ಳವ್ವ ಊದಿಕೊಂಡಳು.

ಒಂದು ದಿನ ಅತ್ತೆ ಅಂದಳು: "ಸದಾ ಒಲೆ ಮುಂದೆ ಕೂರುವವಳು ನೀನು. ಉಡಿದಾರಕ್ಕೆ ಕಿಡಿ ಹಾರಿದರೆ ಗತಿಯೇನು? ಗಂಟುಗಳನ್ನು ಬಿಚ್ಚಿಕೊಡು, ನನ್ನ ಪೆಟ್ಟಿಗೆಯಲ್ಲಿ ಜೋಪಾನವಾಗಿರುತ್ತವೆ."

ಕಿಡಿ ಹಾರುತ್ತಿದ್ದದ್ದು ನಿಜವೇ. ಕೆಂಡಿ ನಂಬಿದಳು. ಇವತ್ತು ಒಂದು, ನಾಳೆ ಒಂದು, ಗೋಡೆಯ ಗಂಟನ್ನೂ ಕೊಟ್ಟಳು, ಇಬ್ಬರಾಗುವ ಗಂಟನ್ನೂ ಕೊಟ್ಟಳು. ಈಜುವ ಗಂಟನ್ನು ಕೊಟ್ಟಾಗ ಡೊಳ್ಳವ್ವ, "ಮನೆಯೊಳಗೆ ಇರುವವಳಿಗೆ ಈಜು ಯಾಕೆ?" ಅಂತ ಅದನ್ನು ಹೊರಗೇ ಎಸೆದಳು.

ಆಮೇಲೆ ತನ್ನ ಸುತ್ತಲಿನ ಗೋಡೆ ಬಿರಿದಾಗಲೆಲ್ಲ ಕೆಂಡಿ ಕೈ ಚಾಚಬೇಕು. "ಅತ್ತೆ, ಒಂದು ಇಟ್ಟಿಗೆ ಕೊಡಿ." ಮನಸ್ಸಾದಾಗ ಅತ್ತೆ ಕೊಡುತ್ತಿದ್ದಳು.

ಎಷ್ಟೋ ಕಾಲವಾದ ಮೇಲೆ ಕೆಂಡಿಯ ಅಕ್ಕ ತೇಲಿಬಂದು ಹೊರಗಿನಿಂದ ಡೊಳ್ಳವ್ವನ ಗೋಡೆ ತಟ್ಟಿದಳು. "ಕೆಂಡೀ, ಬಾರೇ. ನೀರು ತಿಳಿಯಾಗಿದೆ. ನಾವೆಲ್ಲ ಹಾಯಾಗಿದ್ದೇವೆ."

ಕೆಂಡಿ ಎದ್ದೇಬಿಟ್ಟಳು. "ಅತ್ತೆ, ಪೆಟ್ಟಿಗೆ ತೆಗೆಯಿರಿ. ನನ್ನ ಗಂಟು ಕೊಡಿ, ಹೊರಡುತ್ತೇನೆ."

"ಯಾವ ಗಂಟು?" ಡೊಳ್ಳವ್ವ ಮೂಗಿನ ಮೇಲೆ ಬೆರಳಿಟ್ಟಳು. "ಎಲ್ಲವನ್ನೂ ನನ್ನ ದಾರಕ್ಕೇ ಹೊಸೆದಿದ್ದೇನೆ. ನನ್ನದು ಯಾವುದು, ನಿನ್ನದು ಯಾವುದು, ಯಾರಿಗೆ ಗೊತ್ತು?"

"ನನಗೆ ಗೊತ್ತು. ಕೊಡೇ ನನ್ನದನ್ನ!" ಬಹುವಚನ ಅಲ್ಲಿಗೆ ಮುಗಿಯಿತು.

"ಬಿಚ್ಚಿದರೆ ದಾರವೇ ಹರಿಯುತ್ತೆ. ನಾನೂ ಸಾಯುತ್ತೇನೆ, ನೀನೂ ಸಾಯುತ್ತೀ. ಬಿಚ್ಚಲಾ?"

ಕೆಂಡಿ ಸೊಂಟ ತಡವಿಕೊಂಡಳು. ಸಾವಿರಾರು ಇದ್ದ ಕಡೆ ಮೂವತ್ತೇಳು ಗಂಟು. ಅವೂ ಒಲೆಯ ಕೆಲಸದವೇ.

"ಈಜೋ ಗಂಟಾದರೂ ಇದೆಯೇನೇ?" ಅಕ್ಕನ ದನಿ ಸಣ್ಣಗಾಗಿತ್ತು.

"ಇಲ್ಲಕ್ಕ."

ಅಕ್ಕ ಸ್ವಲ್ಪ ಹೊತ್ತು ಗೋಡೆಗೆ ಮೈ ಒತ್ತಿಕೊಂಡಿದ್ದಳು. ಆಮೇಲೆ ನೀರು ಅವಳನ್ನು ಎಳೆದುಕೊಂಡು ಹೋಯಿತು.

ಕೆಂಡಿ ಅಳಲಿಲ್ಲ. ಅತ್ತೆಯ ಮುಖ ನೋಡಿ ಅಂದಳು: "ಇನ್ನು ನಿನ್ನ ವಂಶದಲ್ಲಿ ನಾನು ಹೆಣ್ಣುಮಕ್ಕಳ ಮಡಿಲಿನಿಂದಲೇ ಬರುತ್ತೇನೆ. ಗಂಡುಮಕ್ಕಳು ಒಲೆಯ ಮುಂದೆ ಮೈ ಕಾಯಿಸಿಕೊಳ್ಳಲಿ, ಆದರೆ ನನ್ನನ್ನು ಯಾರಿಗೂ ದಾಟಿಸಕೂಡದು. ನಾನು ಒಲೆ ಬಿಟ್ಟು ಎದ್ದ ದಿನ ನಿನ್ನ ಮನೆ ತಣ್ಣಗಾಗಲಿ."

"ಆಗಲಿ, ಊದು," ಅಂದಳು ಡೊಳ್ಳವ್ವ.

ಡೊಳ್ಳವ್ವ ಒಬ್ಬಳು ಇಬ್ಬರಾದಳು, ಒಳಗಿನ ಕೆಂಡಿಯನ್ನೂ ಇಬ್ಬರು ಮಾಡಿದಳು, ಇಬ್ಬರು ಕೋಟಿಯಾದರು. ಒಬ್ಬರಿಗೊಬ್ಬರು ಅಂಟಿಕೊಂಡು ಮೀನಾದರು, ಹಕ್ಕಿಯಾದರು, ನೀನೂ ಆದೆ. ಅದಕ್ಕೇ ಕಂದಾ, ನೀನು ಕುಂಟೆಬಿಲ್ಲೆ ಆಡಿ ಏದುಸಿರು ಬಿಡುತ್ತ ಬಂದಾಗ ಮೈಯೆಲ್ಲ ಕಾದಿರುತ್ತದೆ: ನಿನ್ನ ಅವ್ವ ಕೊಟ್ಟ ಕೆಂಡಿಯರು ನಿನ್ನ ಮೈಯ ಜೀವಕಣಗಳೊಳಗೆ ಒಲೆ ಊದುತ್ತಲೇ ಇದ್ದಾರೆ, ಸಾಕು ಏಳಿ ಅಂತ ಇವತ್ತಿಗೂ ಅವರಿಗೆ ಯಾರೂ ಹೇಳಿಲ್ಲ.